ಮಾಯವಾದ ಪೀಕ್

"ಅಲ್ಲೇ ನಿಲ್ಲಿ! ಒಂದು ಹೆಜ್ಜೇನೂ ಮುಂದೆ ಇಡಬೇಡಿ!"

ಅವಳು ಬೆಚ್ಚಿ ನಿಂತಳು. ಕಾಲಿನ ಹೆಬ್ಬೆರಳು ನೆಲದ ಹಳದಿ ಗೆರೆಯನ್ನು ಮುಟ್ಟಿತ್ತು. ಗೆರೆಯಾಚೆ ಆಳೆತ್ತರದ ಉಕ್ಕಿನ ಪೀಪಾಯಿ, ಅದರ ಹೊಟ್ಟೆಯೊಳಗೆ ಹಗಲೂ ರಾತ್ರಿ ಎಚ್ಚರವಿರುವ ಅಯಸ್ಕಾಂತ.

"ಎನ್.ಎಂ.ಆರ್. ಯಂತ್ರ ಮೊದಲ ಸಲ ನೋಡ್ತಿದ್ದೀರಾ?"

"ಮೂರು ವರ್ಷದಿಂದ ನೋಡ್ತಿದ್ದೀನಿ!"

"ಹಾಗಾದ್ರೆ ತಲೇಲಿ ಆ ಪಿನ್ನು?"

ಅವನು ತಟ್ಟೆ ಚಾಚಿದ. ಅವಳು ಮುಖ ಸಿಂಡರಿಸಿಕೊಂಡು ಒಂದೊಂದೇ ಪಿನ್ನು ಕಿತ್ತು ಹಾಕಿದಳು. ಬಿಚ್ಚಿದ ಕೂದಲು ಮುಖದ ಮೇಲೆ ಇಳಿಯಿತು. ಅವನು ಥಟ್ಟನೆ ಬೇರೆ ಕಡೆ ನೋಡಿದ.

ಅಣುವಿನೊಳಗಿನ ಹೈಡ್ರೋಜನ್‌ಗಳನ್ನು ಗುರುತಿಸುವ ಆ ಯಂತ್ರ ನೋಡಿಕೊಳ್ಳುವ ಆಪರೇಟರ್ ಅವನು. ವಿಭಾಗದವರೆಲ್ಲ ಅವನಿಗಿಟ್ಟ ಹೆಸರು 'ಲಕ್ಷ್ಮಣರೇಖೆ'.

ಮುಂದಿನ ಎರಡು ವರ್ಷ ಅವಳ ದಿನಗಳೆಲ್ಲ ಆ ಗೆರೆಯ ಅಂಚಿನಲ್ಲೇ ಕಳೆದವು. ಅವಳು ತಯಾರಿಸುತ್ತಿದ್ದ ಉದ್ದದ ಅಣು ತನ್ನ ಬಾಲ ತಾನೇ ಕಚ್ಚಿಕೊಂಡು ಉಂಗುರವಾಗಬೇಕಿತ್ತು. ಉಂಗುರವಾದರೆ ಸಾರಜನಕಕ್ಕೆ ಜೋತುಬಿದ್ದ ಒಂದು ಹೈಡ್ರೋಜನ್ ಜಾಗ ಖಾಲಿ ಮಾಡುತ್ತದೆ, ಪರದೆಯ ಮೇಲೆ ಅದರ ಗುರುತಾಗಿ ಏಳುವ ಚೂಪು ಗೆರೆ, ಅಂದರೆ ಪೀಕ್, ಮಾಯವಾಗುತ್ತದೆ.

ಹಾಳಾದ್ದು ಮಾಯವಾಗುತ್ತಲೇ ಇರಲಿಲ್ಲ!

ಒಂದು ಬೆಳಿಗ್ಗೆ... ಪರದೆಯ ಮೇಲೆ ಆ ಜಾಗ ಬೋಳಾಗಿತ್ತು.

"ಇಲ್ಲ! ಇಲ್ಲ ಕಣ್ರೀ!" ಅವಳು ಅವನ ತೋಳು ಹಿಡಿದುಬಿಟ್ಟಳು. ಅವನು ಬಿಡಿಸಿಕೊಳ್ಳಲಿಲ್ಲ.

ಫೋನಿನಲ್ಲಿ ಅಮ್ಮ ನಕ್ಕಳು. "ಏನೋ ಕಳೆದುಹೋಯ್ತು ಅಂತ ಇಷ್ಟು ಕುಣಿಯೋಳನ್ನ ಎಲ್ಲೂ ನೋಡಿಲ್ಲ ಕಣೇ! ಆ ಯಂತ್ರವನ್ನೇ ಮದುವೆ ಆಗಿಬಿಡು!"

ಆಗ ಅವಳ ಕಣ್ಣ ಮುಂದೆ ಬಂದದ್ದು ಯಂತ್ರವಲ್ಲ...

ಪ್ರಬಂಧ ಪ್ರಕಟಣೆಗೆ ಹೋಯಿತು. ಎರಡು ತಿಂಗಳಲ್ಲಿ ಅವಳ ಸಂಶೋಧನಾ ವೇತನ ಮುಗಿಯುತ್ತಿತ್ತು. ಮುಂದಿನ ಕೆಲಸ ಸಿಗುವುದೂ ಬಿಡುವುದೂ ಆ ಒಂದು ಪ್ರಬಂಧದ ಮೇಲೆ ನಿಂತಿತ್ತು.

ಹತ್ತೇ ದಿನದಲ್ಲಿ ಗೈಡ್ ಮೇಡಂ ಕರೆಸಿದರು.

"ಪ್ರಬಂಧ ವಾಪಸ್ ತೊಗೊಂಡಿದ್ದೀನಿ. ಆಪರೇಟರ್ ನಿನ್ನ ಸ್ಯಾಂಪಲ್‌ನ ಹೊಸ ಗಾಜಿನ ಟ್ಯೂಬಿಗೆ ಹಾಕಿ ನೋಡಿದಾನೆ. ಪೀಕ್ ಇದೆ."

ನನಗೆ ಒಂದು ಮಾತು ಹೇಳದೆ! ನನ್ನ ಬೆನ್ನ ಹಿಂದೆ!

ಮೇಡಂ ಒಂದು ಕಾಗದ ಮುಂದೆ ಸರಿಸಿದರು. ಅವಳು ಅದನ್ನು ಮುಟ್ಟದೆ ಎದ್ದು ಹೊರಟಳು. ಎದುರಾದ ಅವನಿಗೆ, "ನಂಬಿದ್ದೆ ನಿಮ್ಮನ್ನ..." ಎಂದಷ್ಟೇ ಹೇಳಿದಳು. ಅವನು ತಲೆ ತಗ್ಗಿಸಿದ.

ಮೂರು ವಾರ ಅವಳು ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಹೋದಾಗ ಗೆರೆಯ ಪಕ್ಕ ಬೇರೆ ಯಾರೋ ಕೂತಿದ್ದರು. ಅವಳು ನೇರ ಮೇಡಂ ಬಳಿ ಹೋದಳು.

"ಅವನ ಕೈಯಿಂದ ಯಂತ್ರದ ಕೋಣೆ ಕೀಲಿ ಕಿತ್ತುಕೊಂಡ್ರು. ಈಗ ಗಾಜು ತೊಳೀತಾನೆ," ಎಂದರು ಮೇಡಂ. "ನಿನಗೆ ಇನ್ನಾರು ತಿಂಗಳು ವೇತನ ಕೇಳಿದ್ದೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಅವತ್ತು ಬಿಟ್ಟು ಹೋದ ಕಾಗದ ಇವತ್ತಾದ್ರೂ ಓದು ಮಹರಾಯ್ತಿ."

ಓದಿದಳು. ಅವನ ಕೈಬರಹ.

'ನೀರಿನ ಪೀಕ್ ಅಡ್ಡ ಬರುತ್ತದೆಂದು ಅವರು ಒಮ್ಮೆ ಬೇಸರಪಟ್ಟಿದ್ದರು. ಗಾಜಿಗೆ ಅಂಟಿದ ನೀರು ಹೋಗಲೆಂದು ಅವರ ಟ್ಯೂಬುಗಳನ್ನು, ಅವರಿಗೆ ತಿಳಿಸದೆ, ನಾನೇ ಭಾರಜಲದಲ್ಲಿ ತೊಳೆದಿಡುತ್ತಿದ್ದೆ. ಆ ಸಲ ಸರಿಯಾಗಿ ಒಣಗಿಸಲಿಲ್ಲ. ತಪ್ಪು ಪೂರ್ತಿ ನನ್ನದು.'

ಅವಳಿಗೆ ಕ್ಷಣದಲ್ಲಿ ಎಲ್ಲ ಹೊಳೆಯಿತು. ಉಂಗುರ ಆಗಿರಲೇ ಇಲ್ಲ! ಟ್ಯೂಬಿನಲ್ಲಿ ಉಳಿದ ಭಾರಜಲದಿಂದ ಡ್ಯುಟೀರಿಯಂ ಎಂಬ ದಪ್ಪ ಅಣ್ಣ ಬಂದು, ತಮ್ಮ ಹೈಡ್ರೋಜನ್ನನ್ನು ಎಬ್ಬಿಸಿ, ತಾನೇ ಅಲ್ಲಿ ಕೂತಿದ್ದ. ಆ ಅಣ್ಣ ಇವರ ಯಂತ್ರದ ಕಣ್ಣಿಗೆ ಬೀಳುವವನಲ್ಲ.

ಎರಡು ವರ್ಷದ ಟ್ಯೂಬುಗಳು ಇವನ ಕೈಯಲ್ಲಿ... ಒಂದು ದಿನವೂ ಬಾಯಿ ಬಿಡದೆ...

ಗಾಜು ತೊಳೆಯುವ ತೊಟ್ಟಿಯ ಮುಂದೆ ಅವನು ಬೆನ್ನು ಹಾಕಿ ನಿಂತಿದ್ದ. ನೀರು ಬಿದ್ದು ಬಿದ್ದು ಬೆರಳು ಬಿಳಿಚಿದ್ದವು.

"ಮೊದಲು ನನಗೆ ಯಾಕೆ ಹೇಳಲಿಲ್ಲ?" ಅವಳು ಹಿಂದಿನಿಂದ ಕೇಳಿದಳು.

ಅವನು ನಲ್ಲಿ ನಿಲ್ಲಿಸಿದ.

"ನಿಮಗೆ ಹೇಳಿದ್ರೆ... ಮೇಡಂಗೆ ಹೇಳೋದು ಬೇಡ ಅಂತಿದ್ರೇನೋ. ನೀವು ಬೇಡ ಅಂದಿದ್ರೆ ನಾನು ಸುಮ್ಮನಾಗಿಬಿಡ್ತಿದ್ದೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ."

"ಬೇಡ ಅಂತಿದ್ದೆ," ಅವಳು ಮೆಲ್ಲಗೆ ಒಪ್ಪಿಕೊಂಡಳು. "ಖಂಡಿತ ಅಂತಿದ್ದೆ."

ಅವಳು ಅಂಗಿಯ ತೋಳು ಮಡಚಿ, ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಬ್ರಷ್ ಕಿತ್ತುಕೊಂಡಳು.

"ಇನ್ಮೇಲೆ ನನ್ನ ಟ್ಯೂಬ್ ನಾನೇ ತೊಳ್ಕೋತೀನಿ."

"ಮತ್ತೆ ನಾನು...?"

ಅವಳು ಮೊದಲ ಟ್ಯೂಬನ್ನು ಅವನ ಕೈಗಿಟ್ಟಳು. ಬೆರಳು ಹಿಂತೆಗೆಯಲಿಲ್ಲ.

"ನೀನು ಒಣಗಿಸು," ಅಂದಳು. ಕಣ್ಣು ಒರೆಸಿಕೊಳ್ಳುತ್ತಾ ಸೇರಿಸಿದಳು, "ಸರಿಯಾಗಿ!"