ಅಕ್ಕನ ತಪ್ಪುಗಳು

ತಮ್ಮ ಬೇರೆ ಕಂಪನಿ ಕಟ್ಟಿದ್ದನ್ನು ವ್ಲಾಸ್ತಾ ಹೇಗೋ ಸಹಿಸಿಕೊಂಡಾಳು. ತಾನು ನಿದ್ದೆಗೆಟ್ಟು ಬರೆದ ಡೇಟಾಬೇಸನ್ನೇ ರಾದೊವಾನ್ ಹೆಸರು ಬದಲಿಸಿ, ಅರ್ಧ ಬೆಲೆಗೆ ಬ್ರ್ನೊ ನಗರದ ಆಸ್ಪತ್ರೆಗಳಿಗೆ ಮಾರುತ್ತಿದ್ದಾನೆ ಎಂಬುದು ಮಾತ್ರ ಅವಳ ಹೊಟ್ಟೆ ಉರಿಸುತ್ತಿತ್ತು. ಕೃತಿಸ್ವಾಮ್ಯದ ಮೊಕದ್ದಮೆ ಹೂಡಿ ನಾಲ್ಕು ವರ್ಷವಾಗಿತ್ತು. ಅವನು ಮಾರುವ ತಂತ್ರಾಂಶದಲ್ಲಿ ಅವಳು ಬರೆದ ಕೋಡ್‌ನ ಒಂದು ಸಾಲೂ ಸಿಕ್ಕಿರಲಿಲ್ಲ. ಅಳಿಸಿದ್ದಾನೆ, ಕಳ್ಳ, ಎಂದುಕೊಂಡಳು. ಸೋತರೆ ಅವಳ ಕಂಪನಿ ಮುಳುಗುವುದು ಖಂಡಿತ.

ಉಳಿದಿದ್ದು ಅವನು ಎತ್ತಿಟ್ಟಿದ್ದ ಆ ತಂತ್ರಾಂಶದ ಹಳೆಯ ಪ್ರತಿಗಳು. ನ್ಯಾಯಾಲಯದ ತಜ್ಞ ಹ್ಲಾದಿಕ್ ಸೋಮವಾರ ಅವನ್ನು ನೋಡಲು ಬರುವವರಿದ್ದರು. "ಸಾಲುಗಳು ತಾಳೆಯಾದ್ರೆ ಕಾಕತಾಳೀಯ ಅನ್ಬಹುದು ಮೇಡಂ. ತಪ್ಪುಗಳೂ ತಾಳೆಯಾದ್ರೆ ಕಳ್ಳತನಾನೇ," ಎಂದು ಅವರೇ ಒಮ್ಮೆ ಹೇಳಿದ್ದರು. ವ್ಲಾಸ್ತಾ ತನ್ನ ಡೇಟಾಬೇಸಿನ ಹಳೆಯ ತಪ್ಪುಗಳನ್ನು ಹೆಕ್ಕಿದಳು. ಫೆಬ್ರವರಿ ಇಪ್ಪತ್ತೊಂಬತ್ತನ್ನು ಎರಡು ಸಲ ಎಣಿಸುವ ಸಾಲುಗಳು, ಪಟ್ಟಿಯ ಕೊನೆಯ ರೋಗಿಯನ್ನು ನುಂಗಿಹಾಕುವ ಸಾಲುಗಳು. ಎಲ್ಲವೂ ಒಂದು ಪೆನ್‌ಡ್ರೈವ್‌ನಲ್ಲಿ ಕೂತವು.

ರಾದೊವಾನನ ಕಚೇರಿ ಇದ್ದದ್ದು ತೀರಿಕೊಂಡ ಅಮ್ಮನ ಫ್ಲ್ಯಾಟಿನಲ್ಲಿ. ಬೀಗ ಬದಲಾಗಿರಲಿಲ್ಲ, ಬೀಗದ ಕೈ ಅವಳ ಬಳಿಯೂ ಇತ್ತು. ಬೇಸಿಗೆಯ ಶನಿವಾರ ಊರಿಗೆ ಊರೇ ಕಾಡಂಚಿನ ಕುಟೀರಗಳಿಗೆ ಹೋಗಿಬಿಡುತ್ತದೆ. ಅವಳು ಫೋನನ್ನು ಮನೆಯಲ್ಲೇ ಬಿಟ್ಟು, ಟ್ರಾಮ್ ಹತ್ತದೆ ನಡೆದಳು. ಬಾಗಿಲು ತೆರೆಯುವ ಮೊದಲೇ ಕೈಗವಸು ತೊಟ್ಟಳು. ಅಮ್ಮ ಪ್ಲಮ್ ಜಾಮ್ ಇಡುತ್ತಿದ್ದ ಉಗ್ರಾಣದಲ್ಲಿ ಈಗ ಹಳೆಯ ಪ್ರತಿಗಳ ಕಂಪ್ಯೂಟರ್ ಇತ್ತು. ಅದರ ದಿನಾಂಕವನ್ನು ಹಿಂದಕ್ಕೆ ತಿರುಗಿಸಿ, ತಪ್ಪುಗಳನ್ನು ಒಳಗೆ ಸೇರಿಸಿ, ದಿನಾಂಕವನ್ನು ಮೊದಲಿನಂತೆಯೇ ಮಾಡಿದಳು. ಜಾಮಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೊರಡುವಾಗ ಮೆಟ್ಟಿಲಲ್ಲಿ ಯಾರೂ ಎದುರಾಗಲಿಲ್ಲ.

ಭಾನುವಾರ ಸಂಜೆ ಫೋನ್ ಬಂತು. ಮೊಕದ್ದಮೆ ಹೂಡಿದ ಮೇಲೆ ಅಕ್ಕ ತಮ್ಮ ಮಾತಾಡಿರಲಿಲ್ಲ.

"ಅಕ್ಕಾ," ಎಂದ ರಾದೊವಾನ್. "ನಿನ್ನೆ ಮನೆಗೆ ಬಂದಿದ್ಯಲ್ಲಾ!"

"ತಲೆ ಕೆಟ್ಟಿದ್ಯಾ ನಿಂಗೆ? ನಾನ್ಯಾಕೆ ಬರ್ಲಿ?"

"ಸುಳ್ಳು ಹೇಳ್ಬೇಡ, ಜಂಬದ ಕೋಳಿ! ಅಮ್ಮ ನಿಂಗೆ ಹೊಲಿದುಕೊಟ್ಟ ಮನೆ ಚಪ್ಪಲಿ ಗೂಡಲ್ಲಿ ಧೂಳು ಹಿಡಿದು ಕೂತಿತ್ತು. ಯಾರಿಗೂ ಮುಟ್ಟೋಕೆ ಬಿಟ್ಟಿರ್ಲಿಲ್ಲ ನಾನು. ಈಗ ಬಾಗಿಲ ಹತ್ರ ಜೋಡಿಸಿಟ್ಟಿದೆ." ವ್ಲಾಸ್ತಾ ತನ್ನ ಪಾದ ನೋಡಿಕೊಂಡಳು. ಕೈಗೆ ಗವಸು ಹಾಕಲು ಮರೆಯದವಳಿಗೆ, ಅಮ್ಮನ ಹೊಸಿಲು ದಾಟಿದೊಡನೆ ಬೂಟು ಬಿಚ್ಚಿ ಆ ಚಪ್ಪಲಿ ಮೆಟ್ಟಿಕೊಂಡಿದ್ದು ಗೊತ್ತೇ ಆಗಿರಲಿಲ್ಲ. ರಾದೊವಾನ್ ಇನ್ನೂ ಮಾತಾಡುತ್ತಿದ್ದ. "ನನ್ನ ನೋಡೋಕೆ ಬಂದು, ನಾನಿಲ್ಲ ಅಂತ ವಾಪಸ್ ಹೋಗಿದ್ದೀಯ. ಒಂದು ಸಾಲೂ ಕದ್ದಿಲ್ಲ ಕಣಕ್ಕಾ, ನಿನ್ನಿಂದ ಕಲ್ತಿದ್ದು ಅಷ್ಟೇ. ಅರ್ಧ ಕಂಪನಿ ನಿಂದೇ, ಆಯ್ತಾ? ಹ್ಲಾದಿಕ್ ಅವರಿಗೂ ಆಗ್ಲೇ ಫೋನ್ ಮಾಡ್ಬಿಟ್ಟೆ, ನಾನಿಲ್ದಾಗ ನಿನ್ನೆ ನಮ್ಮಕ್ಕ ಮನೆಗೆ ಬಂದು ಹೋಗಿದ್ದಾಳೆ, ನಾವು ರಾಜಿ ಆಗ್ತೀವಿ ಅಂತ. ಆದ್ರೂ ಕೋರ್ಟು ಹೇಳಿದ ಮೇಲೆ ನಾಳೆ ಒಂದ್ಸಲ ನೋಡ್ಲೇಬೇಕಂತೆ. ನೀನೂ ಬಾ, ಊಟಕ್ಕೆ ಇರು. ಚಪ್ಪಲಿ ಅಲ್ಲೇ ಬಿಟ್ಟಿದ್ದೀನಿ."