ಚರ್ಮದ ಅಧ್ಯಾಯದ ಬಟ್ಟೆ ಚೀಲ

"ಬಟ್ಟಿ ಸಾಮಾನು ಅಂತ ಹಾಕ್ರಿ ಮೇಡಮ್ಮರ. ಕೈ ಮುಗೀತೇನಿ."

"ಕೈ ಮುಗದ್ರ ಕ್ಯಾಮೆರಾ ಚೀಲ ಟಾವೆಲ್ ಆಗೂದಿಲ್ಲ, ಸಾವ್ಕಾರ್ರ." ಸಪ್ನಾ ನಗು ತಡೆದುಕೊಂಡಳು. ಅವಳು ನಗು ತಡೆದಾಗ ಕೆನ್ನೆಯಲ್ಲಿ ಬೀಳುವ ಗುಳಿಯನ್ನೇ ನೋಡುತ್ತ ಮಹಾದೇವ ಮಾತು ಮರೆತ.

ರಾಮದುರ್ಗದ ಪೇಟೆಯಲ್ಲಿ ಅವನದು ಕ್ಯಾಮೆರಾ ಅಂಗಡಿ. ಲಗ್ನದ ಫೋಟೋ ತೆಗೆಯುವ ಹುಡುಗರೆಲ್ಲ ಅವನ ಗಿರಾಕಿಗಳು. ಮೊದಲ ಸಲ ಚೀನಾದಿಂದ ಚೀಲ ತರಿಸುತ್ತಿದ್ದ. ಸಾಲಹಳ್ಳಿಯ ಸಪ್ನಾ ಮುಂಬೈನ ಕಸ್ಟಮ್ಸ್ ಏಜೆಂಟರ ಕೆಲಸವನ್ನು ಮನೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಮಾಡುವವಳು. ಹೊರದೇಶದ ಮಾಲು ಸುಂಕದ ಪುಸ್ತಕದ ಯಾವ ಅಧ್ಯಾಯಕ್ಕೆ ಸೇರುತ್ತದೆ ಎಂದು ಗೊತ್ತುಮಾಡುವುದು ಅವಳ ಕಸುಬು.

ಮದುವೆಯಾಗುವುದೆಂದು ಇಬ್ಬರೂ ಮಾತಾಡಿಕೊಂಡಾಗಿತ್ತು. ಅವನ ಅವ್ವನಿಗೆ ಹೇಳುವುದೊಂದೇ ಬಾಕಿ. ಅದೊಂದೇ ಆಗುತ್ತಿರಲಿಲ್ಲ.

ಸ್ಯಾಂಪಲ್ ನೋಡಲು ಅವನ ಅಂಗಡಿಗೆ ಬಂದಿದ್ದ ಸಪ್ನಾ ಚೀಲದ ಜಿಪ್ ಎಳೆದಳು. "ಒಳಗ ನೋಡ್ರಿ. ಲೆನ್ಸಿಗೊಂದು ಗೂಡು, ಕ್ಯಾಮೆರಾಕ್ಕೊಂದು ಗೂಡು. ಹೊರಗ ಬಟ್ಟಿ ಇದ್ರೂ ಕ್ಯಾಮೆರಾ ಚೀಲನ. ಪುಸ್ತಕದಾಗ ಹೆಸರು ಹಿಡದ ಬರದಾರ. ನಲವತ್ತೆರಡನೇ ಅಧ್ಯಾಯ."

"ಅದರ ಮ್ಯಾಲೆ ಚರ್ಮದ ಸಾಮಾನು ಅಂತ ಐತಲ್ಲ!"

"ಇರ್ಲಿ. ಬಟ್ಟಿ ಸೂಟ್‌ಕೇಸ್ ಸೈತ ಅಲ್ಲೇ ಬರ್ತಾವ. ನಿಮಗೇನ ತ್ರಾಸ? ಸುಂಕದ್ದಾ?"

"ಸುಂಕ ಅಲ್ಲ." ಮಹಾದೇವ ಬಾಗಿಲಿನತ್ತ ನೋಡಿದ. "ಅಂಗಡಿ ಕಾಗದ ಎಲ್ಲಾ ಅವ್ವ ಓದ್ತಾಳ. ನಮ್ಮಲ್ಲಿ ಚರ್ಮ ಯಾಕ ಬಂತು ಅಂತ ಕೇಳಿದ್ರ..."

ಸಪ್ನಾಳ ಕೈ ಜಿಪ್ಪಿನ ಮೇಲೆಯೇ ನಿಂತಿತು. ಅವಳ ಅಜ್ಜ ಸಾಲಹಳ್ಳಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. ಇಡೀ ಊರು ಅವನ ಚಪ್ಪಲಿ ಮೆಟ್ಟಿಕೊಂಡೇ ಹೊಲಕ್ಕೆ ಹೋಗುತ್ತಿತ್ತು.

"ಚರ್ಮ ಅನ್ನಾಕ ಇಷ್ಟ ಹೆದರಾಂವ," ಅವಳು ಮೆಲ್ಲಗೆ ಕೇಳಿದಳು, "ನನ್ನ ಹೆಸರು ಹೆಂಗ ಹೇಳ್ತಿ?"

ಅವನು ಬಾಯಿ ತೆರೆಯುವಷ್ಟರಲ್ಲಿ ಊಟದ ಡಬ್ಬಿ ಹಿಡಿದ ಅವನ ಅವ್ವ ಸಿದ್ದಲಿಂಗವ್ವ ಮೆಟ್ಟಿಲು ಹತ್ತಿ ಬಂದರು. "ಯಾರೋ ಈ ಹುಡುಗಿ?"

"ಕಸ್ಟಮ್ಸ್ ಕೆಲಸದವ್ರು, ಯವ್ವಾ."

ಸುಳ್ಳೇನಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಸಪ್ನಾ ಲ್ಯಾಪ್‌ಟಾಪ್ ಮುಚ್ಚಿದಳು.

"ಹೌದ್ರಿ ಯವ್ವಾ. ಮಾಲು ಒಂದು, ಹೇಳೂದು ಒಂದು ಇದ್ರ ಅಂಥಾದ್ದು ನನ್ನ ಕೈಲೆ ಪಾಸ್ ಆಗೂದಿಲ್ರಿ. ಬರ್ತೇನಿ."

ಅವನತ್ತ ಒಮ್ಮೆ ನೋಡಿದಳು. ಕಣ್ಣು ತುಂಬಿದ್ದವು, ರೆಪ್ಪೆ ಮಾತ್ರ ಅಲುಗಲಿಲ್ಲ. ಮೆಟ್ಟಿಲಿಳಿದು ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

"ಸಪ್ನಾ! ನಿಂದ್ರ!"

ಪೇಟೆಯ ನಡುವೆ ಅವನು ಅವಳ ಹೆಸರು ಕೂಗಿದ್ದು ಅದೇ ಮೊದಲು. ಚಹಾದಂಗಡಿಯವರೆಲ್ಲ ತಿರುಗಿದರು. ಮಹಾದೇವ ಬರಿಗಾಲಲ್ಲೇ ಓಡಿಬಂದು ಅವಳ ಪಕ್ಕ ನಿಂತು, ಬಾಗಿಲಲ್ಲಿ ನಿಂತ ಅವ್ವನತ್ತ ತಿರುಗಿದ.

"ಯವ್ವಾ, ಅರ್ಧಾ ಹೇಳಿದೆ. ಈಕಿ ಸಪ್ನಾ, ಸಾಲಹಳ್ಳಿ ಹನುಮಪ್ಪನ ಮಗಳು. ಇವ್ರ ಅಜ್ಜ ಚಪ್ಪಲಿ ಹೊಲೀತಿದ್ರು. ನಾ ಲಗ್ನ ಆದ್ರ ಈಕೀನ್ನ. ಮತ್ತ ಆ ಚೀಲ ಚರ್ಮದ ಅಧ್ಯಾಯದಾಗ ಬರ್ತಾವ, ಹಂಗ ಬರಸ್ತೇನಿ."

ಅವನ ದನಿ ತಗ್ಗಲಿಲ್ಲ.

ಸಿದ್ದಲಿಂಗವ್ವ ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟರು. "ನನಗಿದು ಹಿಡಸಂಗಿಲ್ಲ, ಮಹಾದೇವ."

"ಇವತ್ತ ಹಿಡಸಬೇಕಂತಿಲ್ರಿ ಯವ್ವಾ," ಸಪ್ನಾ ಹೇಳಿದಳು. "ನಾಳೆ ಮತ್ತ ಬರ್ತೇನಿ."

"ಬಂದ್ರ?"

"ನಾಡದ್ದೂ ಬರ್ತೇನಿ."

ಮುದುಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಭಾಳ ಹಟಮಾರಿ ಅದಾಳೋ," ಎಂದು ಗೊಣಗಿ ಒಳಗೆ ಹೋದರು. ಬಾಗಿಲು ಮುಚ್ಚಲಿಲ್ಲ.

"ಕೈ ಕೊಡು," ಮಹಾದೇವ ಅಂದ.

"ಹುಚ್ಚಾ, ಎಲ್ಲಾರೂ ನೋಡಾಕತ್ತಾರ."

"ಅದಕ್ಕ ಕೇಳಾಕತ್ತೇನಿ."

ಸಪ್ನಾ ಕೈ ಕೊಟ್ಟಳು. ಅವನ ಅಂಗೈ ಬೆವರಿತ್ತು, ಹಿಡಿತ ಮಾತ್ರ ಗಟ್ಟಿ. ಇಬ್ಬರೂ ಪೇಟೆಯ ನಟ್ಟನಡುವೆ ನಡೆದರು.