ಸುಣ್ಣದ ನೀರು ಕುಡಿದ ಬೆಟ್ಟಗುಲಾಬಿ

ಒಂದು ಬೆಟ್ಟಗುಲಾಬಿ ಗಿಡಕ್ಕೆ ಆಸ್ಟ್ರಿಯಾದ ಟಿರೋಲಿನ ನರ್ಸರಿಗಳಲ್ಲಿ ಹದಿನೆಂಟು ಯೂರೋ. ದನಗಾಹಿ ಕಾಸ್ಸಿಯಾನ್ ಬುರ್ಗಿಗೆ ತಂದುಕೊಡುತ್ತಿದ್ದ ಗಿಡಕ್ಕೆ ದುಡ್ಡಿಲ್ಲ, ಆದರೆ ಖರ್ಚು ಜಾಸ್ತಿ. ಬೇಸಗೆಯಲ್ಲಿ ಅವನು ದನ ಮೇಯಿಸುವ ಕಣಿವೆಯಾಚೆಯ ಕರಿಬೆಟ್ಟದಿಂದ ನಾಲ್ಕು ಗಂಟೆಯ ನಡಿಗೆ, ಬೆನ್ನಬುಟ್ಟಿಯಲ್ಲಿ ಬೇರುಮಣ್ಣಿನ ಭಾರ, ಆ ದಿನ ಅವನ ಹಸುಗಳನ್ನು ಕಾದ ಪಕ್ಕದ ಹುಲ್ಲುಗಾವಲಿನವನಿಗೆ ಎರಡು ಮುದ್ದೆ ಬೆಣ್ಣೆ.

ಹೀಗೆ ಮೂರು ಜೂನ್, ಮೂರು ಗಿಡ. ಮೂರೂ ಬುರ್ಗಿಯ ತೋಟದಲ್ಲಿ ಸತ್ತವು.

ಬುರ್ಗಿ ನೆಟ್ಟರೆ ಪೊರಕೆಕಡ್ಡಿಯೂ ಚಿಗುರುತ್ತದೆಂದು ಊರವರು ತಮಾಷೆ ಮಾಡುತ್ತಿದ್ದರು. ಅವಳ ಕಿಟಕಿಗಳಲ್ಲಿ ಜೆರೇನಿಯಂ ಉಕ್ಕಿ ಹರಿಯುತ್ತಿತ್ತು. ಅಂಥವಳ ಕೈಯಲ್ಲಿ ಇದೊಂದೇ ಗಿಡ, ಅದೂ ಅವನು ಕೊಟ್ಟದ್ದೇ, ಎಲೆ ಹಳದಿಯಾಗಿ ಉದುರುತ್ತಿತ್ತು. ಅವಳು ಹೆದರಿ ಇನ್ನೊಂದು ಕೊಡ ನೀರು ಹಾಕುತ್ತಿದ್ದಳು. ಗಿಡ ಇನ್ನಷ್ಟು ಹಳದಿಯಾಗುತ್ತಿತ್ತು.

ಸೆಪ್ಟೆಂಬರಿನಲ್ಲಿ ದನಗಳನ್ನು ಇಳಿಸಿಕೊಂಡು ಬರುವಾಗ ಕಾಸ್ಸಿಯಾನ್ ಬೇಲಿಯ ಹತ್ತಿರ ನಿಲ್ಲುತ್ತಿದ್ದ. ಮೊದಲು ಒಣಗಿದ ಗಿಡವನ್ನು ನೋಡುತ್ತಿದ್ದ. ಆಮೇಲೆ ಟೋಪಿಯಂಚನ್ನು ಒಂದು ಬೆರಳಿನಿಂದ ಎತ್ತಿ ಅವಳನ್ನು.

"ನೀರು ಹಾಕಿದ್ಯಾ?"

"ದಿನಾ."

"ಹೂಂ."

ಆ 'ಹೂಂ' ಎಂದರೇನು ಎಂದು ಬುರ್ಗಿ ಇಡೀ ಚಳಿಗಾಲ ಯೋಚಿಸುತ್ತಿದ್ದಳು.

"ಮನಸ್ಸಿಲ್ಲದೆ ಕೊಟ್ಟ ಗಿಡ ಬೇರು ಬಿಡಲ್ಲ ಕಣೆ," ಎಂದಳು ಅಗ್ನೆಸ್ ಚಿಕ್ಕಮ್ಮ.

"ಮನಸ್ಸಿಲ್ಲದೆ ನಾಲ್ಕು ಗಂಟೆ ಹೊತ್ಕೊಂಡು ಬರ್ತಾರಾ ಚಿಕ್ಕಮ್ಮ?"

"ಹಾಗಾದ್ರೆ ನಿಂಗೇ ಮನಸ್ಸಿಲ್ಲ."

ಇರಬಹುದೇ? ಹಾಗಿದ್ದರೆ, ಅವನು ಬರುವ ಭಾನುವಾರ ತಾನು ಮೂರು ಸಲ ಜಡೆ ಬಿಚ್ಚಿ ಹೆಣೆದುಕೊಳ್ಳುವುದೇಕೆ?

ನಾಲ್ಕನೇ ವರ್ಷದ ಜೂನಿನಲ್ಲಿ ಅವಳು ಮುಂಚಿನ ದಿನವೇ ಗುಂಡಿ ತೋಡಿಟ್ಟಳು. ಕಾಸ್ಸಿಯಾನ್ ಬಂದ. ಬುಟ್ಟಿ ಖಾಲಿ.

"ಸ್ವಿಟ್ಜರ್‌ಲ್ಯಾಂಡ್ ಕಡೆ ಒಂದು ದೊಡ್ಡ ಹುಲ್ಲುಗಾವಲಿಗೆ ಕರೀತಿದಾರೆ. ವರ್ಷವಿಡೀ ಕೆಲಸ. ಇನ್ನೊಂದು ವಾರದಲ್ಲಿ ಉತ್ತರ ಕೊಡ್ಬೇಕು."

"ಹೋಗ್ತೀಯಾ?"

"ಇರೋಕೆ ಕಾರಣ ಏನಿದೆ ಅಂತ ನೋಡ್ತಿದೀನಿ." ಅವನ ಕಣ್ಣು ಗುಂಡಿಯ ಮೇಲೆ ಬಿತ್ತು. "ಅದೇನು?"

"ಆಲೂಗಡ್ಡೆಗೆ."

"ಒಂದೇ ಆಲೂಗಡ್ಡೆನಾ?"

ಅವಳ ಕಿವಿ ಕೆಂಪಾಯಿತು. ಅವನ ತುಟಿಯ ಒಂದು ಮೂಲೆ ಮೇಲೇಳುವಂತಾಗಿ ಮತ್ತೆ ಇಳಿಯಿತು. ಹೊರಟುಹೋದ.

ಎರಡು ದಿನ ಬುರ್ಗಿಗೆ ಊಟ ಮಾಡಿದ್ದು ನೆನಪಿಲ್ಲ. ಮೂರನೇ ದಿನ ಬೆಳಕು ಹರಿಯುತ್ತಲೇ ಬೂಟು ಕಟ್ಟಿ ಕರಿಬೆಟ್ಟ ಹತ್ತಿದಳು.

ಮೇಲೆ ಇಳಿಜಾರೆಲ್ಲ ಕೆಂಪು. ಮೊಣಕಾಲೆತ್ತರದ ಗಿಡಗಳು ಹೂ ಹೊತ್ತು ಬಾಗಿದ್ದವು. ಅವುಗಳ ನಡುವೆ ಕಾಸ್ಸಿಯಾನ್ ಗುದ್ದಲಿ ಎತ್ತಿ ಬುಡಕ್ಕೇ ಏಟು ಹಾಕುತ್ತಿದ್ದ. ಪಕ್ಕದಲ್ಲಿ ಹೂವಿನ ಸಮೇತ ಕಿತ್ತ ಗಿಡಗಳ ರಾಶಿ.

"ಏನ್ ಮಾಡ್ತಿದೀಯೋ!"

"ಬುರ್ಗಿ?" ಗುದ್ದಲಿ ಕೈಜಾರಿತು. "ಇದನ್ನ ಬಿಟ್ರೆ ಹುಲ್ಲೆಲ್ಲ ನುಂಗ್ಬಿಡುತ್ತೆ. ವರ್ಷಾ ವರ್ಷಾ ಕೀಳಲೇಬೇಕು."

"ಅಂದ್ರೆ ನಂಗೆ ಇಷ್ಟು ವರ್ಷ ಕಳೆ ತಂದು ಕೊಟ್ಯಾ?"

"ಕಳೆನೇ." ಅವನು ನೆಲ ನೋಡಿದ. "ಸಾವಿರದಲ್ಲಿ ಒಂದು. ಹಿಮ ಕರಗುತ್ತಲೇ ಆರಿಸಿ, ಹಸು ತುಳೀಬಾರದು ಅಂತ ಸುತ್ತ ಕಲ್ಲಿಟ್ಟು ಕಾಯ್ತಿದ್ದೆ. ನೀನು ಮೂರನ್ನೂ ಸಾಯಿಸ್ದೆ. ಬೇಡ ಅನ್ನೋಕೆ ನಿಂಗೆ ಸಂಕೋಚ ಅಂದ್ಕೊಂಡೆ."

"ದಿನಾ ಎರಡು ಕೊಡ ನೀರು ಹೊತ್ತು ಹಾಕಿದೀನಿ!"

ಯಾರು ಯಾರ ಮೇಲೆ ಸಿಟ್ಟಾಗಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಅವನು ತನ್ನ ಗುಡಿಸಲೊಳಗೆ ಕರೆದು ಒಲೆಯ ಮೇಲೆ ಕೆಟಲ್ ಇಡಲು ಹೋದ. ಬುರ್ಗಿ ಮುಚ್ಚಳ ತೆಗೆದು ಒಳಗೆ ನೋಡಿದಳು. ಮತ್ತೆ ನೋಡಿದಳು.

"ಹೊಸದಾ?"

"ನಮ್ಮಜ್ಜಿದು."

"ಒಳಗೆ ತಿಕ್ತೀಯಾ?"

"ಕೆಟಲ್ ಒಳಗೆ ಯಾರಾದ್ರೂ ತಿಕ್ತಾರಾ?"

ಅವಳ ಮನೆಯ ಕೆಟಲ್‌ನಲ್ಲಿ ಮೂರು ವಾರಕ್ಕೊಮ್ಮೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ವಿನೆಗರ್ ಹಾಕಿ ಕೆರೆಯಬೇಕು. ಅವಳ ಊರಿನದು ಸುಣ್ಣಕಲ್ಲಿನ ಬೆಟ್ಟ. ಅಲ್ಲಿನ ಮಣ್ಣೂ ಸುಣ್ಣ, ನೀರೂ ಸುಣ್ಣ. ಕರಿಬೆಟ್ಟದ ಕಲ್ಲಿನಲ್ಲಿ ಸುಣ್ಣವಿಲ್ಲ. ಸುಣ್ಣವೆಂದರೆ ಆಗದ ಅಲ್ಲಿನ ಗಿಡಕ್ಕೆ ಅವಳು ಪ್ರೀತಿಯಿಂದ ದಿನಕ್ಕೆರಡು ಕೊಡ ಉಣಿಸಿದ್ದು ಅದನ್ನೇ.

ಹೇಳುತ್ತ ಹೇಳುತ್ತ ಅವಳು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು.

"ಹಾಗಾದ್ರೆ ನೀನು ಬೇಡ ಅಂದಿರ್ಲೇ ಇಲ್ವಾ?" ಎಂದ ಕಾಸ್ಸಿಯಾನ್, ಲೆಕ್ಕ ತಪ್ಪಿದವನಂತೆ.

"ನೀನು ಕೇಳಿದ್ದು ಯಾವಾಗ ಮಹರಾಯ? ಗಿಡ ಕೊಟ್ಟೆ, ಹೂಂ ಅಂದೆ, ಹೋದೆ."

"ಗಿಡ ಕೊಟ್ಟಿದ್ದೇ ಕೇಳಿದ್ದು."

"ಬಾಯಿ ಇಲ್ವಾ ನಿಂಗೆ?"

ಅವನು ಟೋಪಿ ತೆಗೆದ. ಹಣೆಯ ಮೇಲ್ಭಾಗ ಬಿಸಿಲು ಕಾಣದೆ ಬೆಳ್ಳಗಿತ್ತು. ಅಷ್ಟು ವರ್ಷದಲ್ಲಿ ಅವಳು ಅದನ್ನು ನೋಡಿದ್ದು ಅದೇ ಮೊದಲು.

"ಆ ಆಲೂಗಡ್ಡೆ ಗುಂಡಿ ಇನ್ನೂ ಖಾಲಿ ಇದೆಯಾ?"

"ಇದೆ."

"ನನ್ನ ಮದುವೆ ಆಗ್ತೀಯಾ?"

"ಹೂಂ," ಎಂದಳು ಬುರ್ಗಿ.

ಮುಂದಿನ ಭಾನುವಾರ ಅವನು ಒಂದು ಗಿಡ, ಒಂದು ಮೂಟೆ ಕರಿಮಣ್ಣು ಹೊತ್ತು ಇಳಿದ. ಗುಂಡಿ ಬೇಡವೆಂದು, ಹಳೆಯ ಮರದ ಪೀಪಾಯಿಯಲ್ಲಿ ನೆಟ್ಟರು. ಸೂರಿನ ಕೆಳಗೆ ಮಳೆನೀರಿಗೆ ಇನ್ನೊಂದು ಪೀಪಾಯಿ. ಸ್ವಿಟ್ಜರ್‌ಲ್ಯಾಂಡಿಗೆ ಬರುವುದಿಲ್ಲವೆಂದು ಕಾಗದ ಹೋಯಿತು.

ಆ ಗಿಡ ಬದುಕಿತು, ಮದುವೆಯೂ ಆಯಿತು. ಮೂರು ವರ್ಷ ಮಾತ್ರ ಸುಮ್ಮನೆ ಹೋಯಿತು, ಅದು ಮತ್ತೆ ಸಿಗಲಿಲ್ಲ.